ಫ್ಯಾನ್ ತಿರುಗಿತು ಅಂದ್ರೆ ಎಸ್‌ಎಂಪಿಎಸ್ ಸರಿ ಇದೆ ಅಂತಲ್ಲ

ಪ್ರಶ್ನೆ: ನನ್ನ ಡೆಸ್ಕ್‌ಟಾಪ್‌ಗೆ ಆರು ವರ್ಷ. ಎರಡು ತಿಂಗಳಿಂದ ಗೇಮ್ ಆಡುವಾಗ, ವಿಡಿಯೋ ಎಡಿಟ್ ಮಾಡುವಾಗ ಇದ್ದಕ್ಕಿದ್ದಂತೆ ಆಫ್ ಆಗುತ್ತಿತ್ತು. ಈಗ ಪವರ್ ಬಟನ್ ಒತ್ತಿದರೆ ಫ್ಯಾನ್‌ಗಳು ಅರ್ಧ ಸುತ್ತು ತಿರುಗಿ ನಿಂತುಬಿಡುತ್ತವೆ. ಗೆಳೆಯನೊಬ್ಬ ಎಸ್‌ಎಂಪಿಎಸ್ (ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಡಬ್ಬ) ಹೊರಗೆ ತೆಗೆದು, ಹಸಿರು ವೈರಿಗೂ ಕಪ್ಪು ವೈರಿಗೂ ಪೇಪರ್ ಕ್ಲಿಪ್ ಹಾಕಿದ. ಅದರ ಫ್ಯಾನ್ ತಿರುಗಿತು. "ಎಸ್‌ಎಂಪಿಎಸ್ ಚೆನ್ನಾಗೇ ಇದೆ, ಮದರ್‌ಬೋರ್ಡ್ ಹೋಗಿದೆ" ಅಂದ. ನನಗೆ ಯಾಕೋ ನಂಬಿಕೆ ಬರ್ತಿಲ್ಲ. ನನ್ನ ಹತ್ತಿರ ಒಂದು ಮಲ್ಟಿಮೀಟರ್ ಇದೆ. ಮನೆಯಲ್ಲೇ ಟೆಸ್ಟ್ ಮಾಡಬಹುದಾ? ಡಬ್ಬ ಬಿಚ್ಚಿ ಒಳಗೆ ನೋಡಬಹುದಾ?

ಉತ್ತರ: ನಂಬದೇ ಇದ್ದದ್ದು ಒಳ್ಳೆಯದೇ ಆಯಿತು. ಮನೆಯಲ್ಲೇ ಟೆಸ್ಟ್ ಮಾಡಬಹುದು. ಡಬ್ಬ ಮಾತ್ರ ಬಿಚ್ಚಬೇಡಿ.

ನಿಮ್ಮ ಗೆಳೆಯ ಮಾಡಿದ ಪರೀಕ್ಷೆ ತಪ್ಪಲ್ಲ. ಅದರಿಂದ ಅವರು ತೆಗೆದ ತೀರ್ಮಾನ ತಪ್ಪು. ಮಲಗಿದ್ದ ಎತ್ತು ಎದ್ದು ನಿಂತಿತು ಅಂದ ಮಾತ್ರಕ್ಕೆ ಗಾಡಿ ಎಳೆಯುತ್ತದೆ ಅಂತ ಹೇಳೋಕಾಗಲ್ಲ, ಅಲ್ವಾ? ಎಸ್‌ಎಂಪಿಎಸ್‌ನ ಸ್ವಂತ ಫ್ಯಾನಿಗೆ ಬೇಕಾಗುವುದು ಎರಡು ಮೂರು ವ್ಯಾಟ್. ನೀವು ಗೇಮ್ ಆಡುವಾಗ ಗ್ರಾಫಿಕ್ಸ್ ಕಾರ್ಡ್, ಪ್ರೊಸೆಸರ್ ಎರಡೂ ಸೇರಿ ಸಲೀಸಾಗಿ 300 ವ್ಯಾಟ್ ಕೇಳುತ್ತವೆ. ಪೇಪರ್ ಕ್ಲಿಪ್ ಪರೀಕ್ಷೆ ಹೇಳುವುದು ಇಷ್ಟೇ: ಒಳಗೆ ಜೀವ ಇದೆ. ಶಕ್ತಿ ಇದೆಯೋ ಇಲ್ಲವೋ ಗೊತ್ತಾಗಬೇಕಾದರೆ ಹೊರೆ ಹೊರಿಸಿಯೇ ನೋಡಬೇಕು. ಅಲ್ಲಿಗೆ ಬರುತ್ತೇನೆ, ಮೊದಲು ಡಬ್ಬದ ವಿಷಯ ಮುಗಿಸೋಣ.

230 ವೋಲ್ಟ್ ಕರೆಂಟು ಎಸ್‌ಎಂಪಿಎಸ್ ಒಳಗೆ ಹೋದ ಕೂಡಲೇ ಡಿಸಿ ಆಗುತ್ತದೆ. ಹಾಗೆ ಆದಾಗ ಅದು 230 ಆಗಿ ಉಳಿಯುವುದಿಲ್ಲ, ಸುಮಾರು 325 ವೋಲ್ಟ್ ಆಗುತ್ತದೆ. ಈಗಿನ ಹೆಚ್ಚಿನ ಎಸ್‌ಎಂಪಿಎಸ್‌ಗಳಲ್ಲಿ ಪವರ್ ಫ್ಯಾಕ್ಟರ್ ಸರಿಪಡಿಸುವ ಸರ್ಕ್ಯೂಟ್ ಒಂದಿರುತ್ತದೆ. ಅದು ಇದನ್ನು ಇನ್ನೂ ಏರಿಸಿ 380-400 ವೋಲ್ಟ್‌ಗೆ ತಂದು ನಿಲ್ಲಿಸುತ್ತದೆ. ಇಷ್ಟನ್ನೂ ಹಿಡಿದಿಟ್ಟುಕೊಳ್ಳುವುದು ಹೆಬ್ಬೆರಳಿಗಿಂತ ದಪ್ಪಗಿರುವ ಒಂದು ಕೆಪಾಸಿಟರ್. 400 ಮೈಕ್ರೋಫ್ಯಾರಡ್‌ನದು 380 ವೋಲ್ಟ್‌ಗೆ ತುಂಬಿ ಕೂತಿದ್ದರೆ ಅದರಲ್ಲಿ ಸುಮಾರು 29 ಜೂಲ್ ಶಕ್ತಿ ಇರುತ್ತದೆ. ಜೀವಕ್ಕೆ ಅಪಾಯ ತರಲು ಅಷ್ಟು ಸಾಕು.

"ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಬಿಟ್ಟರೆ ಇಳಿದುಹೋಗುತ್ತಲ್ಲ" ಅಂತ ತುಂಬಾ ಜನ ಕೇಳುತ್ತಾರೆ. ಚೆನ್ನಾಗಿರುವ ಎಸ್‌ಎಂಪಿಎಸ್‌ನಲ್ಲಿ ಸಾಮಾನ್ಯವಾಗಿ ಇಳಿಯುತ್ತದೆ. ಪ್ಲಗ್ ಕಿತ್ತ ಮೇಲೂ ಒಳಗಿನ, ಕಂಪ್ಯೂಟರ್ ಮಲಗಿದ್ದಾಗಲೂ ಎಚ್ಚರವಿರುವ ಸ್ಟ್ಯಾಂಡ್‌ಬೈ ಸರ್ಕ್ಯೂಟ್ ಕೆಲಸ ಮಾಡುತ್ತಾ ಆ ಕೆಪಾಸಿಟರನ್ನು ಖಾಲಿ ಮಾಡುತ್ತದೆ. ಕೆಟ್ಟುಹೋದದ್ದರಲ್ಲಿ ಆ ಸ್ಟ್ಯಾಂಡ್‌ಬೈ ಸರ್ಕ್ಯೂಟೇ ಸತ್ತಿರಬಹುದು. ಖಾಲಿ ಮಾಡುವವರು ಯಾರು? ಅದಕ್ಕೆಂದೇ ಕೂರಿಸುವ ರೆಸಿಸ್ಟರ್ ಒಂದಿದ್ದರೆ ಅದು, ಅದೂ ಕೈಕೊಟ್ಟಿಲ್ಲದಿದ್ದರೆ. ಅಂದರೆ ಯಾವ ಡಬ್ಬವನ್ನು ನೀವು ಬಿಚ್ಚಬೇಕು ಅಂತ ಅಂದುಕೊಳ್ಳುತ್ತೀರೋ ಅದೇ ಹೆಚ್ಚು ಅಪಾಯದ್ದು. ಸ್ಕ್ರೂಡ್ರೈವರ್ ಅಡ್ಡ ಹಿಡಿದು 'ಡಿಸ್ಚಾರ್ಜ್' ಮಾಡುವ ವಿಡಿಯೋಗಳನ್ನು ನೋಡಿ ಕಲಿಯಬೇಡಿ. ಬಿಚ್ಚಿದರೂ ಸಿಗುವುದೇನು? ಫ್ಯೂಸ್ ಹೋಗಿದೆ ಅಂತ ಗೊತ್ತಾಗಬಹುದು. ಆ ಫ್ಯೂಸ್ ಸುಮ್ನೆ ಹೋಗಿರುವುದಿಲ್ಲ. ಅದರ ಹಿಂದೆ ಡಯೋಡೋ ಸ್ವಿಚಿಂಗ್ ಟ್ರಾನ್ಸಿಸ್ಟರೋ ಶಾರ್ಟ್ ಆಗಿರುತ್ತದೆ. ಹೊಸ ಫ್ಯೂಸ್ ಹಾಕಿದರೆ ಅದೂ ಢಂ ಅನ್ನುತ್ತದೆ. ಜಾಲರಿಯ ಸಂದಿಯಿಂದ ಟಾರ್ಚ್ ಬಿಟ್ಟು ನೋಡಿ, ತಲೆ ಉಬ್ಬಿದ ಕೆಪಾಸಿಟರ್ ಕಂಡರೆ ಕಂಡಿತು. ಅಷ್ಟು ಸಾಕು.

ಇನ್ನು ಕೆಲವು ಎಸ್‌ಎಂಪಿಎಸ್‌ಗಳನ್ನು ಟೆಸ್ಟ್ ಮಾಡುವ ಆಸೆಯನ್ನೇ ಬಿಡಬೇಕು. ಸುಟ್ಟ ವಾಸನೆ ಬಂದಿದೆ, ನೀರು ಬಿದ್ದಿದೆ, ಒಳಗೆ ಪಟ್ ಅಂತ ಸದ್ದಾಗಿದೆ, ಪ್ಲಗ್ ಹಾಕಿದ ಕೂಡಲೇ ಮನೆಯ ಎಂಸಿಬಿ ಬೀಳುತ್ತದೆ — ಇವುಗಳಲ್ಲಿ ಒಂದಿದ್ದರೂ ಮತ್ತೆ ಪ್ಲಗ್ ಹಾಕಬೇಡಿ. ಅದಕ್ಕೆ ಮೀಟರ್ ಬೇಕಿಲ್ಲ, ತೀರ್ಪು ಬಂದಾಗಿದೆ. ನಿಮ್ಮದರಲ್ಲಿ ಹೀಗೇನೂ ಆಗಿಲ್ಲ ಅಂದುಕೊಂಡು ಮುಂದೆ ಹೋಗುತ್ತೇನೆ.

ಸಾಕೆಟ್‌ಗೆ ಬೇರೆ ಏನಾದರೂ ಹಾಕಿ ನೋಡುವುದು, ಪವರ್ ಕೇಬಲ್ ಬದಲಿಸುವುದು, ಎಸ್‌ಎಂಪಿಎಸ್ ಹಿಂದಿನ ಸಣ್ಣ ಸ್ವಿಚ್ ಆನ್ ಇದೆಯಾ ನೋಡುವುದು, ಇದೆಲ್ಲ ನೀವು ಮಾಡಿಯೇ ಇರುತ್ತೀರಿ. ಹಳೆಯ ಎಸ್‌ಎಂಪಿಎಸ್‌ಗಳಲ್ಲಿ 115/230 ಅಂತ ಬರೆದ ಕೆಂಪು ಸ್ವಿಚ್ ಒಂದು ಇರುತ್ತದೆ. ಕೆಟ್ಟ ಕುತೂಹಲದಿಂದ ಅದನ್ನು ಅತ್ತಿತ್ತ ಸರಿಸಬೇಡಿ. 230 ವೋಲ್ಟ್ ಬರುವ ಕಡೆ ಅದು 115ರಲ್ಲಿ ಇದ್ದರೆ ಒಳಗಿನ ಸರ್ಕ್ಯೂಟ್ ವೋಲ್ಟೇಜನ್ನು ಇಮ್ಮಡಿ ಮಾಡಲು ಹೋಗಿ ಸ್ಫೋಟವೇ ಆಗುತ್ತದೆ.

ಈಗ ನಿಮ್ಮ 'ಅರ್ಧ ಸುತ್ತು'. ಇದು ತುಂಬಾ ಮಾತಾಡುವ ಲಕ್ಷಣ. ಬಟನ್ ಒತ್ತಿದಾಗ ಎಸ್‌ಎಂಪಿಎಸ್ ಎದ್ದಿದೆ, ಏನೋ ಸರಿಯಿಲ್ಲ ಅಂತ ಕಂಡಿದೆ, ತಾನೇ ಆಫ್ ಆಗಿದೆ. ಒಳಗೆ ಕಾವಲಿಗೆ ಸರ್ಕ್ಯೂಟ್‌ಗಳಿರುತ್ತವೆ: ಶಾರ್ಟ್ ಆದರೆ, ಕರೆಂಟ್ ಮಿತಿ ಮೀರಿದರೆ, ವೋಲ್ಟೇಜ್ ಏರಿದರೆ ಅಥವಾ ಕುಸಿದರೆ ತಕ್ಷಣ ಬಂದ್ ಮಾಡುತ್ತವೆ. ಹಾಗೆ ಬಂದ್ ಆದ ಮೇಲೆ ಎಷ್ಟೋ ಎಸ್‌ಎಂಪಿಎಸ್‌ಗಳು ಹಟ ಹಿಡಿಯುತ್ತವೆ. ಪ್ಲಗ್ ಕಿತ್ತು ಒಂದೆರಡು ನಿಮಿಷ ಬಿಟ್ಟು ಮತ್ತೆ ಹಾಕುವವರೆಗೂ ಏಳುವುದಿಲ್ಲ. ಇದು ಗೊತ್ತಿಲ್ಲದೆ "ಎರಡನೇ ಸಲ ಒತ್ತಿದರೆ ಅಲ್ಲಾಡಲೇ ಇಲ್ಲ, ಪೂರ್ತಿ ಸತ್ತಿತು" ಅಂತ ಎಸೆದವರಿದ್ದಾರೆ.

ಹಾಗಾದರೆ ತಪ್ಪು ಯಾರದು? ಕಾವಲುಗಾರ ಕಂಡ ಕಳ್ಳ ಹೊರಗಿದ್ದಾನೋ ಒಳಗೇ ಇದ್ದಾನೋ? ಮದರ್‌ಬೋರ್ಡ್‌ನಲ್ಲಿ, ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಶಾರ್ಟ್ ಇದ್ದರೂ ಇದೇ ಅರ್ಧ ಸುತ್ತು. ಎಸ್‌ಎಂಪಿಎಸ್ ಸೊರಗಿ, ಎದ್ದ ಕೂಡಲೇ ವೋಲ್ಟೇಜ್ ಕುಸಿದರೂ ಇದೇ ಅರ್ಧ ಸುತ್ತು. ಬೇರ್ಪಡಿಸಿ ನೋಡಬೇಕು. ಪ್ರತಿ ಸಲವೂ ಪ್ಲಗ್ ಕಿತ್ತು, ಪವರ್ ಬಟನ್ ಐದು ಸೆಕೆಂಡ್ ಒತ್ತಿ ಹಿಡಿದು, ಬೋರ್ಡ್ ಮೇಲಿನ ದೀಪ ಆರಿದ ಮೇಲೆಯೇ ಕೈ ಹಾಕಿ. ಮೊದಲು ಗ್ರಾಫಿಕ್ಸ್ ಕಾರ್ಡ್ ತೆಗೆದು ನೋಡಿ. ಆಮೇಲೆ ಡಿಸ್ಕ್‌ಗಳ ವೈರು. ಕೊನೆಗೆ ಪ್ರೊಸೆಸರ್ ಪಕ್ಕದ 4 ಅಥವಾ 8 ಪಿನ್‌ನ 12 ವೋಲ್ಟ್ ಕನೆಕ್ಟರ್ ಕಿತ್ತು ಆನ್ ಮಾಡಿ. ಕಂಪ್ಯೂಟರ್ ಬೂಟ್ ಆಗುವುದಿಲ್ಲ, ಸರಿ. ಆದರೆ ಫ್ಯಾನ್‌ಗಳು ನಿಲ್ಲದೆ ತಿರುಗುತ್ತಾ ಇದ್ದರೆ, ಅನುಮಾನ ಬೋರ್ಡ್ ಮೇಲೆ ಪ್ರೊಸೆಸರಿಗೆ ಕರೆಂಟ್ ಕೊಡುವ ಭಾಗದ ಕಡೆ ತಿರುಗುತ್ತದೆ.

ಅದನ್ನೂ ಮೀಟರಿನಲ್ಲಿ ಖಚಿತ ಮಾಡಿಕೊಳ್ಳಬಹುದು. ಎಲ್ಲ ಕನೆಕ್ಟರ್ ಕಿತ್ತು, ಮೀಟರನ್ನು ಓಮ್‌ಗೆ ಇಟ್ಟು, ಬೋರ್ಡಿನ ಆ 8 ಪಿನ್ ಸಾಕೆಟ್‌ನಲ್ಲಿ 12 ವೋಲ್ಟ್ ಪಿನ್ನಿಗೂ (ಹಳದಿ ವೈರು ಕೂರುವ ಜಾಗ) ಗ್ರೌಂಡ್ ಪಿನ್ನಿಗೂ (ಕಪ್ಪು ವೈರು ಕೂರುವ ಜಾಗ) ನಡುವೆ ಅಳೆಯಿರಿ. ಸೊನ್ನೆಯ ಹತ್ತಿರ ತೋರಿಸಿದರೆ ಬೋರ್ಡ್‌ನಲ್ಲೇ ಶಾರ್ಟ್. ನೂರಾರು ಓಮ್ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅಲ್ಲಿ ಶಾರ್ಟ್ ಇಲ್ಲ. ಆದರೆ ಸಿಕ್ಕಸಿಕ್ಕ ಕಡೆ ಹೀಗೆ ಅಳೆದು ಗಾಬರಿ ಆಗಬೇಡಿ. ಪ್ರೊಸೆಸರ್, ಗ್ರಾಫಿಕ್ಸ್ ಚಿಪ್‌ಗಳ ಪಕ್ಕದ ಕಾಯಿಲ್‌ಗಳಲ್ಲಿ ಒಂದು ಓಮ್‌ಗಿಂತ ಕಡಿಮೆ ಬರುವುದು ಎಷ್ಟೋ ಸಲ ಮಾಮೂಲಿ.

ಸರಿ, ಈಗ ಎಸ್‌ಎಂಪಿಎಸ್ ಒಂದನ್ನೇ ಮೇಜಿನ ಮೇಲೆ ಇಡಿ. ಕಬ್ಬಿಣದ ಮೇಜು ಬೇಡ, ಮರದ್ದಿರಲಿ. ಉಂಗುರ, ಲೋಹದ ವಾಚು ತೆಗೆದಿಡಿ. ಹೊರಗೆ ಬರುವ ವೈರುಗಳಲ್ಲಿ ಇರುವುದು 12 ವೋಲ್ಟ್, ಅಷ್ಟರಿಂದ ಷಾಕ್ ಹೊಡೆಯುವುದಿಲ್ಲ. ಆದರೆ ಹತ್ತಾರು ಆಂಪಿಯರ್ ಕೊಡುವ ತಾಕತ್ತು ಅದಕ್ಕಿದೆ. ಉಂಗುರ ಅಡ್ಡ ಸಿಕ್ಕಿದರೆ ಕೆಂಪಗೆ ಕಾದು ಬೆರಳು ಸುಡುತ್ತದೆ. ಇನ್ನೊಂದು ಮಾತು: ಟೆಸ್ಟ್ ಮಾಡುವಾಗ ಅದಕ್ಕೆ ಮದರ್‌ಬೋರ್ಡ್ ಬೇಡ, ಫೋಟೋ ತುಂಬಿದ ಹಾರ್ಡ್‌ಡಿಸ್ಕ್ ಅಂತೂ ಬೇಡವೇ ಬೇಡ. ಅನುಮಾನ ಇರುವ ಎಸ್‌ಎಂಪಿಎಸ್‌ಗೆ ಒಳ್ಳೆಯ ವಸ್ತು ಜೋಡಿಸಿ ನೋಡುವುದು ಅಂದರೆ ಹಳಸಿದೆಯೋ ಇಲ್ಲವೋ ಅಂತ ಮಗುವಿಗೆ ತಿನ್ನಿಸಿ ನೋಡಿದ ಹಾಗೆ.

24 ಪಿನ್‌ನ ದೊಡ್ಡ ಕನೆಕ್ಟರ್ ಕೈಗೆ ತೆಗೆದುಕೊಳ್ಳಿ. ವೈರುಗಳಿಗೆ ಬಣ್ಣ ಇದ್ದರೆ ಕೆಲಸ ಸುಲಭ: ಹಸಿರು ಒಂದೇ ಇರುತ್ತದೆ, ಅದರ ಎರಡೂ ಪಕ್ಕ ಕಪ್ಪು. ಈಗ ಎಲ್ಲ ವೈರೂ ಕಪ್ಪಗಿರುವ ಎಸ್‌ಎಂಪಿಎಸ್‌ಗಳು ಜಾಸ್ತಿ. ಅದಕ್ಕೊಂದು ಉಪಾಯವಿದೆ. ಕನೆಕ್ಟರಿನ ಒಂದು ಸಾಲಿನಲ್ಲಿ ಒಂದು ತೂತು ಖಾಲಿ ಇರುತ್ತದೆ, ವೈರೇ ಇರುವುದಿಲ್ಲ. ಅದು 20ನೇ ಪಿನ್. ಹಿಂದೆ ಅಲ್ಲಿ -5 ವೋಲ್ಟ್‌ನ ಬಿಳಿ ವೈರು ಇರುತ್ತಿತ್ತು, ಈಗ ಯಾರಿಗೂ ಬೇಡವಾಗಿದೆ. ಆ ಖಾಲಿ ತೂತು ಒಂದು ತುದಿಯಿಂದ ಐದನೆಯದು. ನೀವು ಹೋಗಬೇಕಾದ್ದು ದೂರದ ಇನ್ನೊಂದು ತುದಿಯ ಕಡೆ. ಖಾಲಿ ತೂತು ಬಿಟ್ಟು ಮೂರು ವೈರು ದಾಟಿ. ಆ ಮೂರೂ ಗ್ರೌಂಡ್. ನಾಲ್ಕನೆಯದು 16ನೇ ಪಿನ್, ನಮಗೆ ಬೇಕಾದ 'ಹಸಿರು'. ಲೆಕ್ಕ ಸರಿಯಾಗಿದೆಯಾ ನೋಡಲು ಆ ತುದಿಯಿಂದ ಎಣಿಸಿ, ಅಲ್ಲಿಂದಲೂ ಅದು ನಾಲ್ಕನೆಯದೇ ಆಗಿರಬೇಕು. ಎರಡೂ ಎಣಿಕೆ ಹೊಂದಿದರೆ ಮಾತ್ರ ಮುಂದುವರಿಯಿರಿ. ಕೆಲವು ಬ್ರ್ಯಾಂಡೆಡ್ ಡೆಸ್ಕ್‌ಟಾಪ್‌ಗಳಲ್ಲಿ 24 ಪಿನ್ ಇರುವುದೇ ಇಲ್ಲ. 10 ಪಿನ್ನಿನ ಬರೀ 12 ವೋಲ್ಟ್ ವ್ಯವಸ್ಥೆಯೋ, ಕಂಪನಿಯದೇ ಬೇರೆ ಜೋಡಣೆಯೋ ಇರುತ್ತದೆ. ಅವಕ್ಕೆ ಈ ಎಣಿಕೆ ನಡೆಯುವುದಿಲ್ಲ.

ಪೇಪರ್ ಕ್ಲಿಪ್ ಬದಲು ಪ್ಲಾಸ್ಟಿಕ್ ಹೊದಿಕೆಯ ಒಂಟಿ ತಂತಿಯ ತುಂಡು ಒಳ್ಳೆಯದು. ಎರಡು ತುದಿ ಮಾತ್ರ ಹೆರೆದು 'ಯು' ಆಕಾರಕ್ಕೆ ಬಗ್ಗಿಸಿ. ಆದರೆ ಈಗಲೇ ಹಾಕಬೇಡಿ.

ಮೊದಲು ಮೀಟರ್ ತಯಾರು ಮಾಡಿಕೊಳ್ಳಿ. ಡಿಸಿ ವೋಲ್ಟ್, 20ರ ರೇಂಜ್. ಕೆಂಪು ಪ್ರೋಬಿನ ವೈರು 'ವಿ' ಅಂತ ಬರೆದ ತೂತಿನಲ್ಲೇ ಇದೆಯಾ ಅಂತ ಎರಡು ಸಲ ನೋಡಿ. ಹಿಂದೆ ಯಾವಾಗಲೋ ಕರೆಂಟ್ ಅಳೆದು ಅದನ್ನು '10 ಎ' ತೂತಿನಲ್ಲೇ ಬಿಟ್ಟಿದ್ದರೆ ಮೀಟರ್ ಒಂದು ದಪ್ಪ ತಂತಿಯ ಹಾಗೆ ಕೆಲಸ ಮಾಡುತ್ತದೆ. ನೀವು ಅಳೆಯಲು ಹೋಗಿ ಶಾರ್ಟ್ ಮಾಡಿರುತ್ತೀರಿ. ಕಪ್ಪು ಪ್ರೋಬನ್ನು ಯಾವುದಾದರೂ ಗ್ರೌಂಡ್ ವೈರಿನ ಪಕ್ಕ, ಕನೆಕ್ಟರಿನ ಬೆನ್ನಿನ ಕಡೆಯಿಂದ ಒಳಗೆ ತೂರಿಸಿ. ಬೆನ್ನಿನ ಕಡೆಯಿಂದಲೇ ಯಾಕೆ ಅಂದರೆ ಅಲ್ಲಿ ಪ್ರೋಬ್ ತಾನಾಗಿ ನಿಲ್ಲುತ್ತದೆ, ಜಾರಿ ಪಕ್ಕದ ಪಿನ್ನಿಗೆ ತಾಗುವ ಭಯ ಕಡಿಮೆ. ಒಂದು ಕೈಯಲ್ಲಿ ಕೆಂಪು ಪ್ರೋಬ್ ಮಾತ್ರ ಹಿಡಿದು ಕೆಲಸ ಮಾಡಬಹುದು.

ಈಗ ಪ್ಲಗ್ ಹಾಕಿ, ಹಿಂದಿನ ಸ್ವಿಚ್ ಆನ್ ಮಾಡಿ. ತಂತಿಯ ತುಂಡು ಇನ್ನೂ ಹಾಕಿಲ್ಲ. ಮೊದಲು ನೋಡಬೇಕಾದ್ದು ನೇರಳೆ ವೈರು, 9ನೇ ಪಿನ್. ಕಂಪ್ಯೂಟರ್ ಮಲಗಿದ್ದಾಗಲೂ ಬದುಕಿರುವ 5 ವೋಲ್ಟ್ ಇದು. ನೀವು ಬಟನ್ ಒತ್ತಿದ್ದು ಬೋರ್ಡಿಗೆ ಗೊತ್ತಾಗುವುದೇ ಇದರ ಬಲದಿಂದ. 4.75ರಿಂದ 5.25ರ ಒಳಗೆ ಇರಬೇಕು. ಇಲ್ಲಿ ಸೊನ್ನೆ ಬಂದರೆ ಮುಂದೆ ಹೋಗುವ ಅಗತ್ಯವೇ ಇಲ್ಲ.

ಇದನ್ನು ಮೊದಲು ನೋಡಿ ಅಂತ ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕೆಲಸ ಕಲಿಯುತ್ತಿದ್ದ ಹೊಸತರಲ್ಲಿ ನನ್ನ ಹತ್ತಿರ ಒಂದು ಕಂಪ್ಯೂಟರ್ ಬಂತು. ಬೋರ್ಡ್ ಸತ್ತಿತ್ತು. ಎಸ್‌ಎಂಪಿಎಸ್‌ಗೆ ತಂತಿ ಹಾಕಿ ನೋಡಿದೆ, ಫ್ಯಾನ್ ತಿರುಗಿತು, ಹಳದಿ ಕೆಂಪು ಎಲ್ಲ ಸರಿಯಾಗಿ ತೋರಿಸಿತು. ಖುಷಿಯಾಗಿ ಇನ್ನೊಂದು ಬೋರ್ಡ್ ಹಾಕಿದೆ. ಸಂಜೆಗೆ ಅದೂ ಸತ್ತಿತು. ಆಮೇಲೆ ನೇರಳೆ ವೈರು ಅಳೆದೆ, 6 ವೋಲ್ಟ್ ದಾಟಿತ್ತು. ಸ್ಟ್ಯಾಂಡ್‌ಬೈ ಭಾಗದ ಒಂದು ಚಿಕ್ಕ ಕೆಪಾಸಿಟರ್ ಒಣಗಿಹೋಗಿ, ವೋಲ್ಟೇಜ್ ಹಿಡಿತ ತಪ್ಪಿ ಏರಿತ್ತು. ಫ್ಯಾನ್ ಅದನ್ನು ಹೇಳುವುದಿಲ್ಲ. ಎರಡನೇ ಬೋರ್ಡಿನ ದುಡ್ಡು ನಾನೇ ಕಟ್ಟಿದೆ.

ನೇರಳೆ ಸರಿ ಇದ್ದರೆ ಪ್ಲಗ್ ಕಿತ್ತು, 16ನೇ ಪಿನ್ನಿಗೂ 17ನೇ ಗ್ರೌಂಡಿಗೂ ತಂತಿಯ ತುಂಡು ಹಾಕಿ, ಮತ್ತೆ ಪ್ಲಗ್ ಹಾಕಿ. ಫ್ಯಾನ್ ತಿರುಗಬಹುದು, ತಿರುಗದೆಯೂ ಇರಬಹುದು. ಬಿಸಿಯಾಗುವವರೆಗೆ ಫ್ಯಾನ್ ನಿಲ್ಲಿಸಿಯೇ ಇಡುವ ಎಸ್‌ಎಂಪಿಎಸ್‌ಗಳು ಈಗ ಎಷ್ಟೋ ಇವೆ. ಹಾಗಾಗಿ ಫ್ಯಾನಿನ ಮಾತು ಎರಡೂ ಕಡೆಯಿಂದ ನಂಬುವಂತಿಲ್ಲ. ಮೀಟರ್ ನೋಡಿ. ಹಳದಿಯಲ್ಲಿ 11.40ರಿಂದ 12.60, ಕೆಂಪಿನಲ್ಲಿ 4.75ರಿಂದ 5.25, ಕಿತ್ತಳೆಯಲ್ಲಿ 3.14ರಿಂದ 3.46. ಮೂರಕ್ಕೂ ಶೇಕಡಾ 5ರಷ್ಟು ಹೆಚ್ಚುಕಡಿಮೆ ಆಗಬಹುದು ಅಂತ ಎಟಿಎಕ್ಸ್ (ಡೆಸ್ಕ್‌ಟಾಪ್ ಎಸ್‌ಎಂಪಿಎಸ್‌ಗಳ ಮಾನದಂಡ) ನಿಯಮ. ನೀಲಿ ವೈರಿನ -12 ವೋಲ್ಟ್‌ಗೆ ಶೇಕಡಾ 10 ಬಿಟ್ಟಿದ್ದಾರೆ. ಈಗಿನ ಬೋರ್ಡ್‌ಗಳಲ್ಲಿ ಅದಕ್ಕೆ ಕೆಲಸವೂ ಕಡಿಮೆ, ತಲೆ ಕೆಡಿಸಿಕೊಳ್ಳಬೇಡಿ.

ಬೂದು ಬಣ್ಣದ 8ನೇ ಪಿನ್ ಮಾತ್ರ ಮರೆಯಬೇಡಿ. ತುಂಬಾ ಜನ ಇದನ್ನು ಅಳೆಯುವುದೇ ಇಲ್ಲ. "ನನ್ನ ವೋಲ್ಟೇಜ್‌ಗಳೆಲ್ಲ ಸರಿಯಾಗಿವೆ, ಇನ್ನು ಶುರು ಮಾಡು" ಅಂತ ಎಸ್‌ಎಂಪಿಎಸ್ ಬೋರ್ಡಿಗೆ ಹೇಳುವ ವೈರು ಅದು. ಆನ್ ಆಗಿ 100ರಿಂದ 500 ಮಿಲಿಸೆಕೆಂಡ್ ಒಳಗೆ ಇದರಲ್ಲಿ 5 ವೋಲ್ಟ್ ಹತ್ತಿರ ಬರಬೇಕು. ಬೇರೆಲ್ಲ ಸರಿ ಇದ್ದು ಇದು ಸೊನ್ನೆಯಲ್ಲೇ ಕೂತಿದ್ದರೆ, ಫ್ಯಾನ್ ತಿರುಗುತ್ತಾ ಇರುತ್ತದೆ, ಪರದೆಯಲ್ಲಿ ಏನೂ ಬರುವುದಿಲ್ಲ. ಜನ ಬೋರ್ಡ್ ಬದಲಿಸುತ್ತಾರೆ, ರ್‍ಯಾಮ್ ಬದಲಿಸುತ್ತಾರೆ.

ಈಗ ನಿಜವಾದ ಪರೀಕ್ಷೆ, ಹೊರೆ. ಇದಕ್ಕೆ ನನ್ನ ಮೆಚ್ಚಿನ ಸಾಧನ ವಾಹನದ 12 ವೋಲ್ಟ್ ಬಲ್ಬ್. ಎಲ್‌ಇಡಿ ಅಲ್ಲ, ಒಳಗೆ ತಂತಿ ಇರುವ ಹಳೆ ಥರದ್ದು. ಇಂಡಿಕೇಟರ್‌ಗೆ ಹಾಕುವ 21 ವ್ಯಾಟ್‌ನದು ಸುಮಾರು 1.75 ಆಂಪಿಯರ್ ಎಳೆಯುತ್ತದೆ. ಹೆಡ್‌ಲೈಟಿನ 55 ವ್ಯಾಟ್‌ನದು 4.6 ಆಂಪಿಯರ್. ಹಾರ್ಡ್‌ಡಿಸ್ಕ್‌ಗೆ ಹೋಗುವ ನಾಲ್ಕು ಪಿನ್ನಿನ ಕನೆಕ್ಟರ್‌ನಲ್ಲಿ ಹಳದಿ ಮತ್ತು ಕಪ್ಪಿಗೆ ಬಲ್ಬ್ ಜೋಡಿಸಿ. ವೈರು ಗಟ್ಟಿಯಾಗಿ ಕೂತಿರಬೇಕು, ಬರಿಗಂಟು ಬೇಡ. ಮೊದಲು ಸಣ್ಣ ಬಲ್ಬ್ ಒಂದರಿಂದ ಶುರು ಮಾಡಿ. ಪ್ರತಿ ಸಲವೂ ಬಲ್ಬ್ ಜೋಡಿಸಿದ ಮೇಲೆ ಆನ್ ಮಾಡಿ, ಆನ್ ಆಗಿರುವ ಎಸ್‌ಎಂಪಿಎಸ್‌ಗೆ ಚುಚ್ಚಬೇಡಿ. ತಣ್ಣಗಿರುವ ತಂತಿ ಮೊದಲ ಕ್ಷಣದಲ್ಲಿ ಹತ್ತು ಪಟ್ಟು ಕರೆಂಟ್ ಎಳೆಯಬಲ್ಲದು. ಚೆನ್ನಾಗಿರುವ ಎಸ್‌ಎಂಪಿಎಸ್ ಕೂಡ ಅದನ್ನು ಶಾರ್ಟ್ ಅಂದುಕೊಂಡು ಬಂದ್ ಆಗಬಹುದು. ಹೆಡ್‌ಲೈಟ್ ಬಲ್ಬ್ ವಿಪರೀತ ಕಾಯುತ್ತದೆ. ಟೈಲ್ಸ್ ತುಂಡಿನ ಮೇಲೆ ಇಡಿ, ಒಂದು ಕನೆಕ್ಟರ್‌ಗೆ ಒಂದೇ ಬಲ್ಬ್ ಹಾಕಿ, ಕಣ್ಣು ಬೇರೆ ಕಡೆ ಇರಲಿ.

ಕಣ್ಣು ಇರಬೇಕಾದ್ದು ಮೀಟರಿನ ಮೇಲೆ. ಒಳ್ಳೆಯ ಎಸ್‌ಎಂಪಿಎಸ್ ಹೇಗೆ ಕಾಣುತ್ತದೆ ಅಂದರೆ, ಬಲ್ಬ್ ಇಲ್ಲದೆ 12.15 ಇದ್ದದ್ದು ಒಂದು ಹೆಡ್‌ಲೈಟಿಗೆ 12.10 ಆಗುತ್ತದೆ, ಎರಡಕ್ಕೆ 12.06. ಅಲ್ಲೇ ನಿಲ್ಲುತ್ತದೆ. ಹತ್ತು ನಿಮಿಷ ಬಿಟ್ಟರೂ ಅಲ್ಲಾಡುವುದಿಲ್ಲ. ಸೊರಗಿದ್ದು ಹಾಗಲ್ಲ. 12.20ರಿಂದ ಶುರುವಾಗಿ ಮೊದಲ ಬಲ್ಬಿಗೇ 11.7. ಎರಡನೆಯದಕ್ಕೆ 11.3, ಕೊನೆಯ ಅಂಕಿ ನಿಲ್ಲದೆ ಕುಣಿಯುತ್ತಿರುತ್ತದೆ. ಬಿಸಿಯಾದ ಹಾಗೆ ಇನ್ನೂ ಇಳಿದು, ಒಂದು ಹೊತ್ತಿನಲ್ಲಿ ಟಕ್ ಅಂತ ಬಲ್ಬ್ ಆರುತ್ತದೆ. ಎರಡು ಬಲ್ಬ್ ಅಂದರೆ 110 ವ್ಯಾಟ್ ಅಷ್ಟೇ. 500 ವ್ಯಾಟ್ ಅಂತ ಚೀಟಿ ಅಂಟಿಸಿಕೊಂಡದ್ದು 110ಕ್ಕೇ ಏದುಸಿರು ಬಿಟ್ಟರೆ ಇನ್ನೇನು ಹೇಳಬೇಕು?

ಒಂದು ಎಚ್ಚರಿಕೆ. ಹಳೆಯ ಅಥವಾ ಅಗ್ಗದ ಎಸ್‌ಎಂಪಿಎಸ್‌ಗಳಲ್ಲಿ 12 ಮತ್ತು 5 ವೋಲ್ಟ್ ಎರಡಕ್ಕೂ ಒಂದೇ ಕಡಿವಾಣ. 12ರ ಮೇಲೆ ಮಾತ್ರ ಹೊರೆ ಹಾಕಿದರೆ 12 ಇಳಿಯುತ್ತದೆ, 5 ಏರುತ್ತದೆ. ತಕ್ಕಡಿಯ ಹಾಗೆ. ಹಾಗೆ ಕಂಡರೆ ಕೂಡಲೇ ಕೆಟ್ಟಿದೆ ಅನ್ನಬೇಡಿ. ಹಳೆಯ, ಡೇಟಾ ಇಲ್ಲದ, ಹೋದರೂ ಪರವಾಗಿಲ್ಲ ಅನ್ನುವ ಒಂದು ಹಾರ್ಡ್‌ಡಿಸ್ಕ್ ಜೋಡಿಸಿ 5ರ ಮೇಲೂ ಸ್ವಲ್ಪ ಹೊರೆ ಕೊಟ್ಟು ಮತ್ತೆ ಅಳೆಯಿರಿ. ಕೆಲವು ಹಳೆಯವು ಹೊರೆಯೇ ಇಲ್ಲದಿದ್ದರೆ ಆನ್ ಕೂಡ ಆಗುವುದಿಲ್ಲ.

ಬಲ್ಬ್ ಪರೀಕ್ಷೆಯಲ್ಲಿ ಪಾಸಾದರೆ? ಆಗಲೂ ಪೂರ್ತಿ ನಿರ್ದೋಷಿ ಅಲ್ಲ. 12 ವೋಲ್ಟ್ ಮೇಲೆ ಸವಾರಿ ಮಾಡುವ ಸಣ್ಣ ಏರಿಳಿತ 120 ಮಿಲಿವೋಲ್ಟ್ ದಾಟಬಾರದು, 5 ಮತ್ತು 3.3ರಲ್ಲಿ 50 ದಾಟಬಾರದು. ಕೆಪಾಸಿಟರ್ ಹಳತಾದಾಗ ಮೊದಲು ಹದಗೆಡುವುದು ಇದೇ. ಮೀಟರಿಗೆ ಅದು ಕಾಣುವುದಿಲ್ಲ, ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಬೇಕು. ಅಂಗೈ ಅಗಲದ 'ಪವರ್ ಸಪ್ಲೈ ಟೆಸ್ಟರ್'ಗಳು ಬರುತ್ತವೆ, ಪರದೆಯಲ್ಲಿ ಎಲ್ಲ ವೋಲ್ಟೇಜ್ ಒಟ್ಟಿಗೆ ತೋರಿಸುತ್ತವೆ. ಬೂದು ವೈರಿನ ಸಮಯ ಅಳೆಯಲು ಅನುಕೂಲ. ಹೊರೆಯ ವಿಷಯದಲ್ಲಿ ಅವೂ ಪೇಪರ್ ಕ್ಲಿಪ್ಪಿನ ತಮ್ಮಂದಿರೇ. ಬಯಾಸ್‌ನಲ್ಲೋ ಸಾಫ್ಟ್‌ವೇರ್‌ನಲ್ಲೋ ಕಾಣುವ ವೋಲ್ಟೇಜನ್ನಂತೂ ನೆಚ್ಚಬೇಡಿ. 12 ವೋಲ್ಟ್ ಜಾಗದಲ್ಲಿ 8 ತೋರಿಸುತ್ತಾ ಆರಾಮಾಗಿ ಓಡುವ ಕಂಪ್ಯೂಟರ್‌ಗಳಿವೆ. ವಿಂಡೋಸ್‌ನ ದಾಖಲೆಯಲ್ಲಿ 'ಕರ್ನಲ್-ಪವರ್ 41' ಅಂತ ಕಂಡು ಎಸ್‌ಎಂಪಿಎಸ್ ಬದಲಿಸುವವರೂ ಇದ್ದಾರೆ. ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಅಂತ ಅಷ್ಟೇ ಅದರ ಅರ್ಥ. ಯಾಕೆ ಅಂತ ಅದಕ್ಕೂ ಗೊತ್ತಿರುವುದಿಲ್ಲ.

ಕೊನೆಯ ತೀರ್ಪಿಗೆ ಇರುವ ದಾರಿ ಒಂದೇ: ಚೆನ್ನಾಗಿದೆ ಅಂತ ಗೊತ್ತಿರುವ, ಸಾಕಷ್ಟು ವ್ಯಾಟ್‌ನ ಎಸ್‌ಎಂಪಿಎಸ್ ಒಂದನ್ನು ಎರವಲು ತಂದು ನಿಮ್ಮ ಕಂಪ್ಯೂಟರ್‌ಗೆ ಹಾಕಿ ನೋಡುವುದು. ಮೇಲೆ ಹೇಳಿದ ಹಾಗೆ ಬೋರ್ಡ್‌ನ 8 ಪಿನ್ ಸಾಕೆಟ್‌ನಲ್ಲಿ ಶಾರ್ಟ್ ಇಲ್ಲ ಅಂತ ಖಚಿತ ಮಾಡಿಕೊಂಡ ಮೇಲೆ ಹಾಕಿ. ಇದರ ಉಲ್ಟಾ, ಅಂದರೆ ನಿಮ್ಮ ಎಸ್‌ಎಂಪಿಎಸ್ ತೆಗೆದುಕೊಂಡು ಹೋಗಿ ಗೆಳೆಯನ ಕಂಪ್ಯೂಟರ್‌ಗೆ ಹಾಕುವುದು ಬೇಡ. ಗೆಳೆತನ ಉಳಿಯಬೇಕಲ್ಲ.

ಎರವಲು ತಂದದ್ದು ಕಿತ್ತು ಹಾಕುವ ಕೇಬಲ್‌ಗಳ ಮಾಡ್ಯುಲರ್ ಥರದ್ದಾದರೆ, ಅದರ ಕೇಬಲ್‌ಗಳನ್ನೂ ಜೊತೆಗೇ ತನ್ನಿ. ಹಳೆಯ ಕೇಬಲ್ ಹೊಸದಕ್ಕೆ ಕೂರುತ್ತದೆ, ಅದೇ ತೊಂದರೆ. ಬೋರ್ಡಿನ ಕಡೆಯ ಜೋಡಣೆಗೆ ನಿಯಮವಿದೆ, ಎಸ್‌ಎಂಪಿಎಸ್ ಕಡೆಯ ಜೋಡಣೆಗೆ ಯಾವ ನಿಯಮವೂ ಇಲ್ಲ. ಒಂದೇ ಕಂಪನಿಯ ಎರಡು ಮಾಡೆಲ್‌ಗಳಲ್ಲೂ ಬೇರೆ ಇರಬಹುದು. ಡಿಸ್ಕ್‌ನ 5 ವೋಲ್ಟ್ ಜಾಗಕ್ಕೆ 12 ಹೋದರೆ ಡಿಸ್ಕ್ ಅಲ್ಲೇ ಮುಗಿಯಿತು. ಎಸ್‌ಎಂಪಿಎಸ್ ಬದಲಿಸಿದ ದಿನವೇ ಡೇಟಾ ಕಳೆದುಕೊಂಡವರ ಕಥೆಗಳಲ್ಲಿ ಮುಕ್ಕಾಲು ಪಾಲು ಇದೇ ಅಂತ ನನ್ನ ಅನುಭವ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಟೆಸ್ಟ್ ಮಾಡುವಾಗ ಡಬ್ಬ ಮುಟ್ಟಿದರೆ ಜುಮ್ ಅಂದರೆ ಎಸ್‌ಎಂಪಿಎಸ್ ಲೀಕ್ ಆಗಿದೆ ಅಂತ ಹೆದರುತ್ತಾರೆ. ಒಳಬರುವ ಎರಡೂ ತಂತಿಗಳಿಂದ ಡಬ್ಬಕ್ಕೆ ಸಣ್ಣ ಕೆಪಾಸಿಟರ್‌ಗಳನ್ನು ಉದ್ದೇಶಪಟ್ಟೇ ಹಾಕಿರುತ್ತಾರೆ, ರೇಡಿಯೋ ಗಲಾಟೆ ತಡೆಯಲು. ಸಾಕೆಟ್‌ನಲ್ಲಿ ಅರ್ಥಿಂಗ್ ಇಲ್ಲದಿದ್ದರೆ ಡಬ್ಬ ಅರ್ಧ ವೋಲ್ಟೇಜಿನಲ್ಲಿ, ಸುಮಾರು 115ರಲ್ಲಿ ತೇಲುತ್ತಾ ಇರುತ್ತದೆ. ಕರೆಂಟ್ ತೀರಾ ಕಡಿಮೆ, ಹಾಗಾಗಿ ಜುಮ್ ಮಾತ್ರ. ಆದರೆ ಅರ್ಥಿಂಗ್ ಇಲ್ಲದ ಸಾಕೆಟ್‌ನಲ್ಲಿ ಕೆಟ್ಟ ಎಸ್‌ಎಂಪಿಎಸ್ ಟೆಸ್ಟ್ ಮಾಡುವುದು ಮಹಾ ಅಪಾಯ. ಒಳಗೆ ನಿಜವಾಗಿ ಲೀಕ್ ಆಗಿದ್ದರೆ ಆ ಕರೆಂಟಿಗೆ ಹೋಗಲು ದಾರಿ ನೀವೇ. ಜುಮ್ ಅಂದರೆ ಟೆಸ್ಟ್ ಅಲ್ಲಿಗೇ ನಿಲ್ಲಿಸಿ, ಮೊದಲು ಸಾಕೆಟ್ ಸರಿ ಮಾಡಿಸಿ.

ನಿಮ್ಮ ಪ್ರಕರಣದಲ್ಲಿ ನನ್ನ ಅಂದಾಜು ಎಸ್‌ಎಂಪಿಎಸ್ ಕಡೆಗೇ ವಾಲುತ್ತದೆ. ಎರಡು ತಿಂಗಳು ಹೊರೆ ಬಿದ್ದಾಗ ಮಾತ್ರ ಆಫ್ ಆಗಿ, ಆಮೇಲೆ ಏಳಲೇ ಆಗದ ಸ್ಥಿತಿಗೆ ಬಂದಿದೆ. ಇದು ಕೆಪಾಸಿಟರ್ ಸವೆಯುತ್ತಾ ಬಂದಾಗ ಆಗುವ ರೀತಿ. ಬೋರ್ಡ್ ಶಾರ್ಟ್ ಆದರೆ ಹೆಚ್ಚಾಗಿ ಒಂದೇ ದಿನದಲ್ಲಿ ಆಗುತ್ತದೆ, ಎರಡು ತಿಂಗಳು ಮುನ್ಸೂಚನೆ ಕೊಡುವುದು ಅಪರೂಪ. ಆದರೂ ಅಂದಾಜು ಅಂದಾಜೇ. ಇವತ್ತು ಗ್ರಾಫಿಕ್ಸ್ ಕಾರ್ಡ್ ತೆಗೆದು ಒಮ್ಮೆ ಆನ್ ಮಾಡಿ, 8 ಪಿನ್ ಸಾಕೆಟ್‌ನ ಓಮ್ ಅಳೆಯಿರಿ, ನೇರಳೆ ಮತ್ತು ಬೂದು ವೈರು ನೋಡಿ, ಎರಡು ಬಲ್ಬ್ ಉರಿಸಿ. ಅರ್ಧ ಗಂಟೆಯ ಕೆಲಸ. ಆ ಅಂಕಿಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಅನುಮಾನ ಉಳಿದರೆ ನನಗೆ ಬರೆಯುವಾಗ ಫ್ಯಾನ್ ತಿರುಗಿತೋ ಇಲ್ಲವೋ ಅನ್ನುವುದನ್ನು ಬಿಟ್ಟು ಆ ಅಂಕಿಗಳನ್ನೇ ಕಳಿಸಿ.